ಸ್ಟೀರಿಂಗ್: ಕಟಕಟ ಸದ್ದು, ಒಂದು ಬದಿಯ ಎಳೆತ, ಹರಿದ ಬೂಟು

ಮಳೆ ಬಿಡುತ್ತಿದ್ದಂತೆ ಈ ಅಂಕಣಕ್ಕೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸ್ಟೀರಿಂಗ್ ಬಗ್ಗೆಯೇ ಇವೆ. ನಾಲ್ಕು ತಿಂಗಳ ಕೆಸರುನೀರು, ವರ್ಷವಿಡೀ ಉಪ್ಪುಗಾಳಿ, ಡಾಮರು ಎದ್ದುಹೋದ ಹೊಂಡಗಳು, ಇಷ್ಟೂ ಸೇರಿದ ನಮ್ಮ ಕರಾವಳಿಯಲ್ಲಿ ಅದು ಸಹಜ. ಉತ್ತರಗಳಲ್ಲಿ ಪದೇಪದೇ ಬರುವ ಭಾಗಗಳನ್ನು ಮೊದಲೇ ಪರಿಚಯಿಸುತ್ತೇವೆ. ಸ್ಟೀರಿಂಗ್ ತಿರುಗಿಸಿದಾಗ ಕಾಲಮ್ ಶಾಫ್ಟ್ ತಿರುಗುತ್ತದೆ. ಅದರ ಕೆಳಗೆ ಎರಡು ಯೂನಿವರ್ಸಲ್ ಜಾಯಿಂಟ್ ಇರುವ ಒಂದು ತುಂಡು ಶಾಫ್ಟ್ ಇದೆ. ಅದರ ತುದಿಯ ಪಿನಿಯನ್ ಎಂಬ ಚಿಕ್ಕ ಗೇರು, ರ‍್ಯಾಕ್ ಎಂಬ ಹಲ್ಲಿನ ಸರಳನ್ನು ಎಡಕ್ಕೋ ಬಲಕ್ಕೋ ಸರಿಸುತ್ತದೆ. ರ‍್ಯಾಕಿನ ಎರಡೂ ತುದಿಯಲ್ಲಿ ಒಂದೊಂದು ಬಾಲ್ ಜಾಯಿಂಟ್ ಉಂಟು, ಗ್ಯಾರೇಜಿನಲ್ಲಿ ಅದಕ್ಕೆ ರ‍್ಯಾಕ್ ಎಂಡ್ ಅನ್ನುತ್ತಾರೆ. ಅಲ್ಲಿಂದ ಹೊರಟ ರಾಡಿನ ಹೊರತುದಿಯ ಜಾಯಿಂಟ್, ಅಂದರೆ ಟೈ ರಾಡ್ ಎಂಡ್, ಚಕ್ರವನ್ನು ಹಿಡಿದಿರುವ ನಕಲ್‌ಗೆ ಕೂರುತ್ತದೆ. ರ‍್ಯಾಕ್ ಎಂಡನ್ನು ಮುಚ್ಚಿರುವ ನೆರಿಗೆ ನೆರಿಗೆಯ ರಬ್ಬರ್ ಕವಚಕ್ಕೆ ಬೂಟ್ ಎಂದು ಹೆಸರು.

ಏಳು ವರ್ಷದ ಹ್ಯಾಚ್‌ಬ್ಯಾಕ್. ಹೊಂಡಕ್ಕೆ ಇಳಿದಾಗ ಸ್ಟೀರಿಂಗ್‌ನಲ್ಲಿ ಕಟಕಟ ಸದ್ದು ಬರುತ್ತದೆ. ಗ್ಯಾರೇಜಿನವರು ಇಡೀ ರ‍್ಯಾಕ್ ಬದಲಿಸಬೇಕು ಅಂತಾರೆ. ಬೇರೆ ದಾರಿ ಉಂಟಾ?
ಬ್ರಹ್ಮಾವರದ ಓದುಗರು

ಸದ್ದು ಎಲ್ಲಿಂದ ಬರುತ್ತಿದೆ ಎಂದು ಅವರು ಕೈಯಿಟ್ಟು ನೋಡಿದ್ದಾರೆಯೇ ಎಂದು ಮೊದಲು ಕೇಳಿ. ಸದ್ದು ಕೇಳಿದ ಕೂಡಲೇ ರ‍್ಯಾಕ್ ಬರೆದುಕೊಡುವುದು ಸುಲಭ. ಆದರೆ ಇದೇ ಸದ್ದನ್ನು ಕಡಿಮೆ ಬೆಲೆಯ ಐದಾರು ಬೇರೆ ಭಾಗಗಳೂ ಕೊಡುತ್ತವೆ.

ಕಾರನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು ಎಂಜಿನ್ ಚಾಲೂ ಇಡಿ. ಚಕ್ರಗಳು ನೆಲದ ಮೇಲೆಯೇ ಇರಲಿ. ಒಳಗೆ ಕೂತವರು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ಎರಡು ಮೂರು ಇಂಚಿನಷ್ಟು ಮಾತ್ರ ಬೇಗ ಬೇಗ ಆಡಿಸಬೇಕು. ಹೊರಗಿನವರು ಚಕ್ರದ ಹಿಂದೆ ಕೈ ಹಾಕಿ, ಟೈ ರಾಡ್ ಎಂಡ್ ಮತ್ತು ನಕಲ್ ಸೇರುವ ಕಡೆ ಹೆಬ್ಬೆರಳನ್ನು ಅರ್ಧ ಅದರ ಮೇಲೆ, ಅರ್ಧ ಇದರ ಮೇಲೆ ಇಡಬೇಕು. ಜಾಯಿಂಟ್ ಸಡಿಲವಾಗಿದ್ದರೆ ಒಂದು ಚಲಿಸಿದ ಮೇಲೆ ಇನ್ನೊಂದು ಚಲಿಸುತ್ತದೆ. ಆ ಟಿಕ್ ಎಂಬ ಪೆಟ್ಟು ಕಿವಿಗೆ ಕೇಳುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಬೂಟನ್ನು ಹೊರಗಿನಿಂದ ಹಿಚುಕಿ ಹಿಡಿದು ಒಳಗಿನ ರ‍್ಯಾಕ್ ಎಂಡನ್ನೂ ಹೀಗೆಯೇ ನೋಡಿ. ಕೊನೆಗೆ ಪೆಡಲುಗಳ ಮೇಲಿರುವ ಯೂನಿವರ್ಸಲ್ ಜಾಯಿಂಟ್ ಹಿಡಿದು ನೋಡಿ. ಈ ಪರೀಕ್ಷೆಯಲ್ಲಿ ಸ್ಟೀರಿಂಗನ್ನು ಪೂರ್ತಿ ತಿರುಗಿಸಬಾರದು, ಚಕ್ರಕ್ಕೂ ಬಾಡಿಗೂ ನಡುವೆ ಕೈ ಸಿಕ್ಕಿಕೊಳ್ಳುತ್ತದೆ. ಫ್ಯಾನ್, ಬೆಲ್ಟ್ ಹತ್ತಿರವೂ ಕೈ ಹೋಗಬಾರದು.

ಮುಂದಿನದು ಎಂಜಿನ್ ಬಂದ್ ಮಾಡಿ, ಕಾರನ್ನು ಜಾಕ್ ಮೇಲೆತ್ತಿ, ಸ್ಟ್ಯಾಂಡ್ ಕೊಟ್ಟು ಮಾಡುವ ಪರೀಕ್ಷೆ. ಜಾಕ್ ಒಂದನ್ನೇ ನಂಬಿ ಅಡಿಗೆ ಹೋಗಬೇಡಿ. ಟಯರಿನ ಎಡ ಬಲ ಬದಿ ಹಿಡಿದು ಅಲ್ಲಾಡಿಸಿದಾಗ ಆಟ (ಸಡಿಲ) ಸಿಕ್ಕಿದರೆ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಸವೆದಿದೆ. ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದಾಗ ಆಟ ಸಿಕ್ಕಿದರೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು) ಬಾಲ್ ಜಾಯಿಂಟ್ ಅಥವಾ ವೀಲ್ ಬೇರಿಂಗ್. ಎರಡರಲ್ಲಿ ಯಾವುದೆಂದು ತಿಳಿಯಲು ಇನ್ನೊಬ್ಬರಿಂದ ಬ್ರೇಕ್ ಒತ್ತಿಸಿ ಮತ್ತೆ ಅಲ್ಲಾಡಿಸಿ. ಆಟ ಮಾಯವಾದರೆ ದೋಷ ಬೇರಿಂಗಿನದು.

ಇಷ್ಟು ಮಾಡಿದರೂ ಏನೂ ಸಿಗದೆ, ನೇರ ಹೋಗುವಾಗ ಸಣ್ಣ ಸಣ್ಣ ಉಬ್ಬಿಗೆ ಮಾತ್ರ ಸದ್ದು ಬಂದರೆ ಮೊದಲು ಸ್ಟೆಬಿಲೈಸರ್ ಲಿಂಕ್ (ತಿರುವಿನಲ್ಲಿ ಕಾರು ವಾಲದಂತೆ ತಡೆಯುವ ಸರಳಿನ ಕೊಂಡಿ), ಆಮೇಲೆ ಲೋಯರ್ ಆರ್ಮಿನ ರಬ್ಬರ್ ಬುಶ್ ನೋಡಿಸಿ. ನಿಂತಲ್ಲೇ ತಿರುಗಿಸುವಾಗ ಸ್ಪ್ರಿಂಗ್ ಟಂಗ್ ಎಂದು ಜಿಗಿದರೆ ಸ್ಟ್ರಟ್ (ಸ್ಪ್ರಿಂಗ್ ಮತ್ತು ಶಾಕ್ ಅಬ್ಸಾರ್ಬರ್ ಸೇರಿದ ಕಂಬ) ಮೇಲಿನ ಬೇರಿಂಗ್ ಹಿಡಿದುಕೊಂಡಿದೆ. ಪೂರ್ತಿ ತಿರುಗಿಸಿ ಚಲಿಸುವಾಗ ಒಂದೇ ಲಯದಲ್ಲಿ ಕಟ್ ಕಟ್ ಕಟ್ ಬಂದರೆ ಡ್ರೈವ್ ಶಾಫ್ಟಿನ ಹೊರ ಜಾಯಿಂಟ್, ಅದಕ್ಕೂ ಸ್ಟೀರಿಂಗ್‌ಗೂ ಸಂಬಂಧವಿಲ್ಲ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಕೆಲವು ಕಾರುಗಳಲ್ಲಿ ಮೋಟರಿಗೂ ವರ್ಮ್ ಗೇರಿಗೂ ನಡುವೆ ನಕ್ಷತ್ರದ ಆಕಾರದ ಒಂದು ರಬ್ಬರ್ ಕಪ್ಲಿಂಗ್ ಇರುತ್ತದೆ. ಅದು ಪುಡಿಯಾದರೆ ನಿಂತ ಕಾರಿನಲ್ಲೂ ಸ್ಟೀರಿಂಗ್ ಆಡಿಸಿದಾಗ ಡ್ಯಾಶ್‌ಬೋರ್ಡ್ ಕೆಳಗಿನಿಂದ ಸದ್ದು ಬರುತ್ತದೆ. ಆ ರಬ್ಬರ್ ತುಂಡು ಬಿಡಿಯಾಗಿ ಸಿಗುವ ಕಾರಿಗೆ ಇಡೀ ಕಾಲಮ್ ಬದಲಿಸುವುದು ದುಡ್ಡು ದಂಡ.

ನಿಜವಾಗಿಯೂ ರ‍್ಯಾಕ್ ಒಳಗಿನದೇ ಸದ್ದು ಎಂದು ಖಚಿತವಾದರೂ ಒಂದು ಹಂತ ಉಳಿದಿದೆ. ರ‍್ಯಾಕ್ ಸರಳನ್ನು ಪಿನಿಯನ್‌ಗೆ ಒತ್ತಿ ಹಿಡಿಯುವ ಒಂದು ಗೈಡ್, ಅದರ ಹಿಂದೆ ಸ್ಪ್ರಿಂಗ್, ಸ್ಪ್ರಿಂಗ್ ಹಿಂದೆ ಒಂದು ಅಡ್ಜಸ್ಟರ್ ನಟ್ ಇರುತ್ತದೆ. ‘ರ‍್ಯಾಕ್ ಟೈಟ್ ಮಾಡಿ ಕೊಡುತ್ತೇವೆ’ ಎನ್ನುವವರು ತಿರುಗಿಸುವುದು ಇದನ್ನೇ. ಅಡ್ಜಸ್ಟ್ ಮಾಡಲು ಬಿಟ್ಟಿರುವ ರ‍್ಯಾಕ್‌ಗಳಲ್ಲಿ ಇದು ಸರಿಯಾದ ಕೆಲಸವೇ, ಆದರೆ ಒಂದು ಸಲಕ್ಕೆ ಎಂಟನೇ ಒಂದು ಸುತ್ತಿಗಿಂತ ಹೆಚ್ಚು ಬೇಡ. ಪ್ರತಿ ಸಲವೂ ಎರಡೂ ಬದಿಗೆ ಪೂರ್ತಿ ತಿರುಗಿಸಿ, ರಸ್ತೆಯಲ್ಲಿ ಓಡಿಸಿ ನೋಡಬೇಕು. ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ಮಧ್ಯಕ್ಕೆ ಬರದಿದ್ದರೆ ಅತಿಯಾಯಿತು ಎಂದರ್ಥ. ಸದ್ದು ಹೋಯಿತೆಂದು ಅಷ್ಟಕ್ಕೇ ಬಿಟ್ಟರೆ ನೇರ ರಸ್ತೆಯಲ್ಲಿ ಕಾರು ಅತ್ತಿತ್ತ ಅಲೆಯುತ್ತದೆ. ಮೇಲಾಗಿ ರ‍್ಯಾಕಿನ ಹಲ್ಲು ಸವೆಯುವುದು ಮಧ್ಯಭಾಗದಲ್ಲೇ ಹೆಚ್ಚು. ಆ ಸವೆತವನ್ನು ಟೈಟ್ ಮಾಡಿ ಮುಚ್ಚಿದರೆ ಕೊನೆಯ ಸುತ್ತುಗಳಲ್ಲಿ ಸ್ಟೀರಿಂಗ್ ಬಿಗಿದುಕೊಳ್ಳುತ್ತದೆ. ಅಂಥ ಸ್ಥಿತಿಗೆ ಬಂದ ರ‍್ಯಾಕ್ ಬದಲಿಸುವುದೇ ಸರಿ.

ಸರ್ವಿಸಿಗೆ ಕೊಟ್ಟಾಗ ಬಲಬದಿಯ ರ‍್ಯಾಕ್ ಬೂಟ್ ಹರಿದಿದೆ ಎಂದು ಹೇಳಿದರು. ಓಡಿಸುವಾಗ ಯಾವ ತೊಂದರೆಯೂ ಇಲ್ಲ. ಮುಂದಿನ ಸರ್ವಿಸಿನವರೆಗೆ ಕಾಯಬಹುದಾ?
ಸುರತ್ಕಲ್‌ನ ಓದುಗರು

ಕಾಯಬೇಡಿ. ಮಳೆ ಇದ್ದರೆ ಈ ವಾರವೇ ಮಾಡಿಸಿ.

ಸ್ಟೀರಿಂಗ್‌ನ ಕಬ್ಬಿಣದ ಭಾಗಗಳು ಬರೇ ಓಡಾಟದಿಂದ ಹಾಳಾಗುವುದು ನಿಧಾನ. ಹರಿದ ರಬ್ಬರಿನ ಮೂಲಕ ಒಳಗೆ ಹೋದ ನೀರು ಆ ಕೆಲಸವನ್ನು ಒಂದೇ ಮಳೆಗಾಲದಲ್ಲಿ ಮುಗಿಸುತ್ತದೆ. ಈ ಕಡೆಯ ನೀರು ಬರೇ ನೀರಲ್ಲ, ಅದರಲ್ಲಿ ಕೆಂಪು ಮಣ್ಣಿನ ನುಣುಪಾದ ಕೆಸರೂ ಉಪ್ಪಿನ ಅಂಶವೂ ಇರುತ್ತದೆ. ಹೆದ್ದಾರಿಯಲ್ಲಿ ಮೀನಿನ ಲಾರಿಯ ಹಿಂದೆ ಹೋಗುವಾಗ ನಿಮ್ಮ ಕಾರಿನ ಅಡಿಗೆ ಸಿಡಿಯುವುದು ಉಪ್ಪುನೀರೇ. ಅದು ಬೂಟಿನೊಳಗೆ ಹೋದರೆ ಹೊರಬರುವ ದಾರಿಯಿಲ್ಲದೆ ಮಡಿಕೆಗಳಲ್ಲಿ ನಿಲ್ಲುತ್ತದೆ. ಗ್ರೀಸ್ ಕಾಫಿ ಬಣ್ಣದ ಲೋಳೆಯಾಗುತ್ತದೆ, ಮೊದಲು ರ‍್ಯಾಕ್ ಎಂಡ್ ಬಾಲಿಗೆ ತುಕ್ಕು, ಆಮೇಲೆ ನುಣುಪಾದ ರ‍್ಯಾಕ್ ಸರಳಿನ ಮೇಲೆ ಚುಕ್ಕೆ ಚುಕ್ಕೆ ತುಕ್ಕು. ಹೈಡ್ರಾಲಿಕ್ ರ‍್ಯಾಕ್ ಆದರೆ ಆ ಚುಕ್ಕೆಗಳ ಅಂಚು ಪ್ರತಿ ತಿರುವಿಗೂ ಸೀಲನ್ನು ಕೆರೆದು ಸೋರಿಕೆ ಶುರುಮಾಡುತ್ತದೆ. ಎಲೆಕ್ಟ್ರಿಕ್ ಆದರೆ ತುದಿಯ ಬುಶ್ ಸವೆದು ಕಟಕಟ. ಎಮರಿ ಪೇಪರಿನಿಂದ ಉಜ್ಜಿದರೆ ತುಕ್ಕಿನ ಬಣ್ಣ ಹೋಗುತ್ತದೆ, ಕುಳಿ ಉಳಿಯುತ್ತದೆ. ಅಗ್ಗದ ಒಂದು ರಬ್ಬರಿಗಾಗಿ ರ‍್ಯಾಕ್ ಕಳೆದುಕೊಳ್ಳುವುದು ಹೀಗೆ.

ಬೂಟ್ ಬದಲಿಸಲು ಟೈ ರಾಡ್ ಎಂಡನ್ನೂ ಅದರ ಲಾಕ್ ನಟ್ಟನ್ನೂ ಕಳಚಬೇಕು. ಹಾಗಾಗಿ ಟೈ ರಾಡ್ ಎಂಡಿನಲ್ಲಿ ಸ್ವಲ್ಪ ಆಟ ಇದ್ದರೂ ಅದೇ ಹೊತ್ತಿಗೆ ಬದಲಿಸಿ, ಕೂಲಿ ಒಂದೇ. ಹಳೆಯ ಬೂಟ್ ತೆಗೆದಾಗ ಸ್ಟೀರಿಂಗನ್ನು ತಿರುಗಿಸಿಸಿ ಸರಳನ್ನು ಹೊರಗೆ ತರಿಸಿ, ಬಟ್ಟೆಯಿಂದ ಒರೆಸಿ, ನೀವೇ ಕಣ್ಣಾರೆ ನೋಡಿ. ಶುಭ್ರವಾಗಿ ಹೊಳೆಯುತ್ತಿದ್ದರೆ ಬದುಕಿದಿರಿ. ಹೊಸ ಗ್ರೀಸ್ ತೆಳ್ಳಗೆ ಹಚ್ಚಿ ಬೂಟ್ ಏರಿಸಬೇಕು. ರ‍್ಯಾಕಿನ ಕಡೆ ದೊಡ್ಡ ಕ್ಲಾಂಪ್ ತನಗಾಗಿ ಕೊರೆದ ಗೀರಿನೊಳಗೇ ಕೂತಿರಬೇಕು, ರಾಡಿನ ಕಡೆ ಸಣ್ಣ ಕ್ಲಿಪ್. ಅಲೈನ್‌ಮೆಂಟ್ (ಚಕ್ರಗಳ ಕೋನ ಸರಿಪಡಿಸುವುದು) ಮಾಡುವಾಗ ರಾಡ್ ತಿರುಗುತ್ತದೆ. ಆಗ ಸಣ್ಣ ಕ್ಲಿಪ್ ಸಡಿಲಿಸದಿದ್ದರೆ ಬೂಟ್ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡು ವರ್ಷದೊಳಗೆ ಮತ್ತೆ ಹರಿಯುತ್ತದೆ. ಹೊಸ ಬೂಟ್ ಬೇಗ ಹರಿಯಿತು ಎಂದು ಬರುವ ದೂರುಗಳಲ್ಲಿ ಇದನ್ನೇ ಮೊದಲು ಶಂಕಿಸಬೇಕು.

ಮೇ ಕೊನೆಗೊಮ್ಮೆ, ಅಕ್ಟೋಬರಿನಲ್ಲೊಮ್ಮೆ ಸ್ಟೀರಿಂಗನ್ನು ಪೂರ್ತಿ ಒಂದು ಬದಿಗೆ ತಿರುಗಿಸಿ ಎಂಜಿನ್ ಬಂದ್ ಮಾಡಿ, ಚಕ್ರದ ಹಿಂದೆ ಟಾರ್ಚ್ ಹಿಡಿದು ನೋಡಿ. ಬೂಟ್ ಹಿಗ್ಗಿದಾಗ ಮಡಿಕೆಯ ತಳದ ಬಿರುಕು ಕಾಣುತ್ತದೆ, ಮುದುರಿದಾಗ ಕಾಣುವುದಿಲ್ಲ. ಆಮೇಲೆ ಇನ್ನೊಂದು ಬದಿ. ವಾಟರ್ ವಾಶ್ ಮಾಡುವವರಿಗೆ ಪ್ರೆಶರ್ ಗನ್ನನ್ನು ಬೂಟಿನ ಅಂಚಿಗೆ ಹತ್ತಿರದಿಂದ ಹಿಡಿಯಬೇಡಿ ಎಂದೂ ಹೇಳಿ.

ಟೈ ರಾಡ್ ಎಂಡ್ ಬದಲಿಸಿ ಮೂರು ತಿಂಗಳಾಯಿತು. ಈಗ ಮುಂದಿನ ಎರಡೂ ಟಯರಿನ ಒಳ ಅಂಚು ಬೋಳಾಗಿದೆ. ಥ್ರೆಡ್ ಎಣಿಸಿ ಹಾಕಿದ್ದೇನೆ, ಅಲೈನ್‌ಮೆಂಟ್ ಬೇಡ ಎಂದು ಮೆಕ್ಯಾನಿಕ್ ಹೇಳಿದ್ದರು. ಇದಕ್ಕೂ ಅದಕ್ಕೂ ಸಂಬಂಧ ಉಂಟಾ?
ಕಾರ್ಕಳದ ಓದುಗರು

ಖಂಡಿತ ಉಂಟು. ಥ್ರೆಡ್ ಎಣಿಸಿ ಕೂರಿಸುವುದು ಕಾರು ಅಲೈನ್‌ಮೆಂಟ್ ಅಂಗಡಿಯ ತನಕ ಹೋಗಲಿಕ್ಕೆ ಮಾತ್ರ. ಹೊಸ ಟೈ ರಾಡ್ ಎಂಡ್ ಹಳೆಯದರಷ್ಟೇ ಉದ್ದ ಇರುತ್ತದೆ ಎಂಬ ಖಾತ್ರಿ ಇಲ್ಲ, ಹಳೆಯದರ ಸವೆತವೂ ಲೆಕ್ಕಕ್ಕೆ ಬರುತ್ತದೆ.

ಒಂದು ಸುತ್ತಿನ ಬೆಲೆ ಎಷ್ಟೆಂದು ಲೆಕ್ಕ ಹಾಕಿ ನೋಡೋಣ. ಥ್ರೆಡ್ ಸುತ್ತಿಗೆ 1.5 ಮಿ.ಮೀ. ಸರಿಯುವಂಥದ್ದು, ನಕಲ್‌ನ ತೋಳು 13 ಸೆಂ.ಮೀ. ಎಂದಿಟ್ಟುಕೊಳ್ಳಿ. ಒಂದೇ ಸುತ್ತು ಹೆಚ್ಚು ಕಡಿಮೆಯಾದರೂ 14 ಇಂಚಿನ ರಿಮ್ಮಿನ ಅಂಚಿನಲ್ಲಿ ಟೋ (ಮುಂದಿನ ಚಕ್ರಗಳು ಒಳಕ್ಕೋ ಹೊರಕ್ಕೋ ಮುಖ ಮಾಡಿರುವ ಅಳತೆ) ಸುಮಾರು 4 ಮಿ.ಮೀ. ಬದಲಾಗುತ್ತದೆ. ನೇರ ಹೋಗುವಾಗ ಎರಡೂ ಟಯರುಗಳು ಆ ತಪ್ಪನ್ನು ಹಂಚಿಕೊಳ್ಳುತ್ತವೆ. ಹಾಗಾಗಿಯೇ ನಿಮ್ಮ ಎರಡೂ ಟಯರು ಸವೆದಿವೆ. ಹಂಚಿಕೊಂಡ ಮೇಲೂ ಪ್ರತಿ ಟಯರು ಕಿಲೋಮೀಟರಿಗೆ ಹತ್ತಿರ ಹತ್ತಿರ 6 ಮೀಟರಿನಷ್ಟು ಅಡ್ಡಡ್ಡ ಉಜ್ಜಿಕೊಂಡು ಸಾಗಿದ ಲೆಕ್ಕ. ಕಾರ್ಕಳದಿಂದ ಮಂಗಳೂರಿಗೆ ದಿನಾ ಹೋಗಿ ಬರುವ ಕಾರಿಗೆ ಮೂರು ತಿಂಗಳು ಬೇಕಾದಷ್ಟಾಯಿತು. ರ‍್ಯಾಕ್ ಮುಂದಿನ ಆಕ್ಸಲಿನ ಹಿಂದೆ ಇರುವ ಕಾರುಗಳಲ್ಲಿ ರಾಡ್ ಗಿಡ್ಡವಾದರೆ ಟಯರುಗಳ ಮುಂಭಾಗ ಹೊರಕ್ಕೆ ತೆರೆದುಕೊಳ್ಳುತ್ತದೆ, ಆಗ ಸವೆಯುವುದು ಒಳ ಅಂಚು.

ಟಯರಿನ ಮೇಲೆ ಅಂಗೈಯನ್ನು ಒಳಗಿನಿಂದ ಹೊರಕ್ಕೆ, ಹೊರಗಿನಿಂದ ಒಳಕ್ಕೆ ಸವರಿ ನೋಡಿ. ಒಂದು ದಿಕ್ಕಿಗೆ ನುಣುಪಾಗಿ, ಇನ್ನೊಂದು ದಿಕ್ಕಿಗೆ ಕರಕರ ಎಂದು ತಾಗಿದರೆ ಟೋ ತಪ್ಪಿದೆ. ಕರಕರ ಇಲ್ಲದೆ ಒಳ ಅಂಚು ಮಾತ್ರ ಸಾಫಾಗಿ ಸವೆದಿದ್ದರೆ ಕ್ಯಾಂಬರ್ (ಚಕ್ರದ ಮೇಲ್ತುದಿ ಒಳಕ್ಕೋ ಹೊರಕ್ಕೋ ವಾಲಿರುವ ಕೋನ) ಅಥವಾ ಲೋಯರ್ ಆರ್ಮ್ ಬುಶ್ ಕಡೆ ನೋಡಬೇಕು.

ಟೈ ರಾಡ್ ಎಂಡ್ ಹಾಕುವ ಕ್ರಮವನ್ನೂ ಹೇಳುತ್ತೇವೆ, ಮುಂದಿನ ಸಲ ಪಕ್ಕದಲ್ಲಿ ನಿಂತು ನೋಡಬಹುದು. ಲಾಕ್ ನಟ್ ಇರುವ ಜಾಗಕ್ಕೆ ಪೇಂಟಿನ ಗುರುತು ಹಾಕಿ, ಜಾಯಿಂಟ್ ಕಳಚುವ ಮೊದಲೇ ಲಾಕ್ ನಟ್ ಕಾಲು ಸುತ್ತು ಸಡಿಲಿಸಬೇಕು. ಆಮೇಲೆ ಸ್ಪ್ಲಿಟ್ ಪಿನ್ (ನಟ್ ಸಡಿಲವಾಗದಂತೆ ತೂರಿಸುವ ಪಿನ್), ಕ್ಯಾಸಲ್ ನಟ್ (ಕಚ್ಚುಗಳಿರುವ ನಟ್) ತೆಗೆಯಬೇಕು. ಬಾಲ್ ಜಾಯಿಂಟ್ ಪುಲ್ಲರ್ ಹಾಕಿ ಬಿಡಿಸುವುದು ಉತ್ತಮ. ಪುಲ್ಲರ್ ಇಲ್ಲದವರು ನಕಲ್‌ನ ಕಣ್ಣಿನ ಬದಿಗೆ ಸುತ್ತಿಗೆಯಿಂದ ಹೊಡೆದು ಬಿಡಿಸುತ್ತಾರೆ. ಸ್ಟಡ್ಡಿನ (ಜಾಯಿಂಟಿನ ಥ್ರೆಡ್ ಇರುವ ಕಂಬಿಯ) ತುದಿಗೆ ಹೊಡೆದರೆ ಥ್ರೆಡ್ ಹಾಳು. ಹೊಸದನ್ನು ಕೂರಿಸುವಾಗ ತುದಿಗೆ ಕಿರಿದಾಗುವ ಸ್ಟಡ್ಡೂ ಅದರ ರಂಧ್ರವೂ ಒಣಗಿದ, ಶುಭ್ರ ಸ್ಥಿತಿಯಲ್ಲಿರಬೇಕು, ಅಲ್ಲಿ ಗ್ರೀಸ್ ಬೇಡ. ನಟ್ಟನ್ನು ಆ ಕಾರಿನ ಸರ್ವಿಸ್ ಮ್ಯಾನುಯಲ್ ಹೇಳಿದ ಟಾರ್ಕಿಗೆ ಬಿಗಿದ ಮೇಲೆ ಪಿನ್ನಿನ ತೂತು ಸೇರದಿದ್ದರೆ ಇನ್ನಷ್ಟು ಬಿಗಿದು ಸೇರಿಸಬೇಕೇ ಹೊರತು ಹಿಂದಕ್ಕೆ ಸಡಿಲಿಸಬಾರದು. ಸ್ಪ್ಲಿಟ್ ಪಿನ್ ಹೊಸದೇ ಆಗಬೇಕು. ನೈಲಾನ್ ಇರುವ ಲಾಕಿಂಗ್ ನಟ್ ಆದರೆ ಅದೂ ಹೊಸದು. ಹಳೆಯ ಪಿನ್ನನ್ನು ನೆಟ್ಟಗೆ ಮಾಡಿ ಮತ್ತೆ ತೂರಿಸುವುದನ್ನು ಕಂಡರೆ ದಯವಿಟ್ಟು ತಡೆಯಿರಿ.

ಅಲೈನ್‌ಮೆಂಟ್ ಮಾಡಿಸಿ ಬಂದ ಮೇಲೆ ನೇರ ರಸ್ತೆಯಲ್ಲೂ ಸ್ಟೀರಿಂಗ್ ಸ್ವಲ್ಪ ಬಲಕ್ಕೆ ವಾಲಿಕೊಂಡೇ ಇರುತ್ತದೆ. ಕೇಳಿದರೆ ಕ್ಯಾಂಬರ್ ಕೂಡ ಮಾಡಿಸಬೇಕು, ಬೇರೆ ಚಾರ್ಜ್ ಎಂದರು. ಕಾರು ಸ್ವಲ್ಪ ಎಡಕ್ಕೆ ಎಳೆಯುತ್ತದೆ ಕೂಡ.
ಮಂಗಳೂರು ಕದ್ರಿಯ ಓದುಗರು

ಮೂರು ಬೇರೆ ಬೇರೆ ವಿಷಯಗಳಿವೆ ಇಲ್ಲಿ.

ಸ್ಟೀರಿಂಗ್ ವಾಲಿರುವುದು ಅಲೈನ್‌ಮೆಂಟ್ ಮಾಡಿದವರ ಕೆಲಸದ ಕೊರತೆ. ಸ್ಟೀರಿಂಗನ್ನು ನೇರ ನಿಲ್ಲಿಸಿ ಹೋಲ್ಡರ್ ಹಾಕಿ, ಎಡ ಮತ್ತು ಬಲ ರಾಡನ್ನು ಬೇರೆ ಬೇರೆಯಾಗಿ ಸರಿಮಾಡಬೇಕು. ಒಂದೇ ಬದಿಯ ರಾಡ್ ತಿರುಗಿಸಿ ಒಟ್ಟು ಟೋ ಸರಿ ಬಂತೆಂದು ಬಿಟ್ಟರೆ ಹೀಗಾಗುತ್ತದೆ. ಮರಳಿ ಹೋಗಿ ಉಚಿತವಾಗಿ ಸರಿಮಾಡಿಸಿ. ಸ್ಟೀರಿಂಗ್ ಕಳಚಿ ಒಂದು ಹಲ್ಲು ಆಚೆ ಕೂರಿಸಿ ಕೊಡುತ್ತೇವೆ ಎಂದರೆ ಒಪ್ಪಬೇಡಿ. ಅದರೊಳಗೆ ಏರ್‌ಬ್ಯಾಗ್, ಅದರ ತಂತಿ ಸುತ್ತಿರುವ ಕ್ಲಾಕ್ ಸ್ಪ್ರಿಂಗ್, ಕೆಲವು ಕಾರುಗಳಲ್ಲಿ ತಿರುವಿನ ಕೋನ ಅಳೆಯುವ ಸೆನ್ಸರ್ ಇವೆ. ಕ್ಲಾಕ್ ಸ್ಪ್ರಿಂಗ್ ಮಧ್ಯ ತಪ್ಪಿ ಕೂತರೆ ಪೂರ್ತಿ ತಿರುಗಿಸಿದ ದಿನ ತುಂಡಾಗಿ ಹಾರ್ನೂ ಹೋಗುತ್ತದೆ, ಏರ್‌ಬ್ಯಾಗ್ ದೀಪವೂ ಹತ್ತುತ್ತದೆ.

ಕ್ಯಾಂಬರ್ ವಿಷಯಕ್ಕೆ ಬಂದರೆ, ಹೆಚ್ಚಿನ ಸಣ್ಣ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಟೋ ಮಾತ್ರ ಸರಿಮಾಡಲು ಬರುತ್ತದೆ. ಕ್ಯಾಂಬರ್ ತಪ್ಪಿದೆ ಎಂದರೆ ಲೋಯರ್ ಆರ್ಮ್, ಸ್ಟ್ರಟ್, ನಕಲ್ ಇವುಗಳಲ್ಲಿ ಯಾವುದೋ ಬಾಗಿದೆ, ಅಥವಾ ಬುಶ್ ಸತ್ತಿದೆ, ಅಥವಾ ಸ್ಪ್ರಿಂಗ್ ಕುಸಿದಿದೆ. ಕೆಲವು ಕಡೆ ಹೈಡ್ರಾಲಿಕ್ ಜಾಕಿನಿಂದ ಸ್ಟ್ರಟ್ಟನ್ನೇ ಬಾಗಿಸಿ ಯಂತ್ರದ ಪರದೆಯಲ್ಲಿ ಹಸಿರು ಬಣ್ಣ ಬರಿಸುತ್ತಾರೆ. ಬಾಗಿದ ಭಾಗ ಹಾಗೆಯೇ ಉಳಿದು, ಸರಿ ಇದ್ದ ಭಾಗವೂ ಬಾಗಿತು. ಇದಕ್ಕೆ ಹಣ ಕೊಡಬೇಡಿ. ಕೆಲಸಕ್ಕೆ ಮೊದಲಿನ ಮತ್ತು ನಂತರದ ಅಳತೆಯ ಪ್ರಿಂಟ್ ಕೇಳಿ ಪಡೆದು ಇಟ್ಟುಕೊಳ್ಳಿ. ಸರಿಮಾಡಲು ಬರುವ ಕಾರಾದರೆ ಸ್ಟ್ರಟ್ ಬೋಲ್ಟಿನ ಉದ್ದ ತೂತಿನಲ್ಲೋ ಎಕ್ಸೆಂಟ್ರಿಕ್ ಬೋಲ್ಟಿನಲ್ಲೋ ಆಗುತ್ತದೆ, ಜಾಕ್ ಬೇಕಾಗುವುದಿಲ್ಲ.

ಎಳೆತಕ್ಕೆ ಮೊದಲು ಗಾಳಿ ನೋಡಿ, ಬೆಳಿಗ್ಗೆ ಟಯರ್ ತಣ್ಣಗಿರುವಾಗ. ಗಾಳಿ ಸರಿಯಿದ್ದರೆ ಮುಂದಿನ ಎಡ ಬಲ ಚಕ್ರ ಅದಲುಬದಲು ಮಾಡಿ. ತಿರುಗುವ ದಿಕ್ಕಿನ ಬಾಣ ಇರುವ ಟಯರಿಗೆ ಇದನ್ನು ಮಾಡಬಾರದು. ಎಳೆತವೂ ಬಲಕ್ಕೆ ಬದಲಾದರೆ ದೋಷ ಟಯರಿನದು, ಎಷ್ಟು ಅಲೈನ್‌ಮೆಂಟ್ ಮಾಡಿದರೂ ಹೋಗದು. ಸ್ವಲ್ಪ ದೂರ ಹೆಚ್ಚು ಬ್ರೇಕ್ ಹಾಕದೆ ಓಡಿಸಿ ನಿಲ್ಲಿಸಿ, ಎಡಚಕ್ರದ ರಿಮ್ ಮಾತ್ರ ಕಾದಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇನ್ನೊಂದು ಮಾತು, ಮಳೆನೀರು ಹರಿದುಹೋಗಲೆಂದು ನಮ್ಮ ರಸ್ತೆಗಳಿಗೆ ಅಂಚಿನ ಕಡೆ ಇಳಿಜಾರು ಕೊಟ್ಟಿರುತ್ತಾರೆ. ಸ್ಟೀರಿಂಗ್ ಬಿಟ್ಟರೆ ಕಾರು ನಿಧಾನವಾಗಿ ಎಡಕ್ಕೆ ಜಾರುವುದು ಅಷ್ಟರಮಟ್ಟಿಗೆ ಸಹಜ.

ಎರಡು ವಾರ ಊರಲ್ಲಿ ಇರಲಿಲ್ಲ. ಬಂದು ಕಾರು ಸ್ಟಾರ್ಟ್ ಮಾಡಿದರೆ ಸ್ಟೀರಿಂಗ್ ಚಿಹ್ನೆಯ ದೀಪ ಹತ್ತಿತು, ಸ್ಟೀರಿಂಗ್ ಕಲ್ಲಿನ ಹಾಗೆ ಭಾರ. ಸ್ವಲ್ಪ ಹೊತ್ತಿನ ಮೇಲೆ ಸರಿಯಾಯಿತು. ಮೋಟರ್ ಹೋಯಿತಾ?
ಮಣಿಪಾಲದ ಓದುಗರು

ಮೋಟರ್ ಹೋಗಿರುವ ಸಾಧ್ಯತೆ ಕಡಿಮೆ, ಬ್ಯಾಟರಿ ನೋಡಿಸಿ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್‌ನ ಮೋಟರ್ ನಿಂತಲ್ಲೇ ತಿರುಗಿಸುವಾಗ ಹತ್ತಾರು ಆಂಪಿಯರ್ ಕರೆಂಟ್ ಎಳೆಯುತ್ತದೆ. ವೋಲ್ಟೇಜ್ ಕುಸಿದರೆ ಕಂಟ್ರೋಲ್ ಯೂನಿಟ್ ತಾನಾಗಿ ಸಹಾಯ ನಿಲ್ಲಿಸಿ ದೀಪ ಹಚ್ಚುತ್ತದೆ. ರಾತ್ರಿಯಿಡೀ ನಿಂತ ಕಾರಿನ ಬ್ಯಾಟರಿಯಲ್ಲಿ 12.4 ರಿಂದ 12.7 ವೋಲ್ಟ್, ಎಂಜಿನ್ ಓಡುವಾಗ ಸುಮಾರು 13.5 ರಿಂದ 14.5 ವೋಲ್ಟ್ ಸಿಗಬೇಕು. ಸರಿಯಿದ್ದರೆ ಬ್ಯಾಟರಿ ಟರ್ಮಿನಲ್‌ನ ಬಿಳಿ ಹಸಿರು ಪುಡಿ, ಕಾರಿನ ಮೈಗೆ ಹೋಗುವ ಅರ್ತ್ ತಂತಿಯ ಬೋಲ್ಟ್, ಸ್ಟೀರಿಂಗ್ ಫ್ಯೂಸ್ ನೋಡಿ. ಉಪ್ಪುಗಾಳಿಗೆ ಅರ್ತ್ ಬೋಲ್ಟಿನ ಅಡಿಯ ತುಕ್ಕು ಹೊರಗೆ ಕಾಣುವುದಿಲ್ಲ, ಕಳಚಿ ಉಜ್ಜಿ ಹಾಕಬೇಕು. ಎರಡು ವಾರ ನಿಂತ ಕಾರಲ್ಲವೇ, ಇಲಿ ತಂತಿ ಕಚ್ಚಿದೆಯೇ ಎಂದೂ ನೋಡಿ. ಇವೆಲ್ಲ ಮುಗಿದ ಮೇಲೂ ದೀಪ ಹತ್ತಿದರೆ ಸ್ಕ್ಯಾನರ್ ಹಾಕಿ ಕೋಡ್ ಓದಿಸಿ, ಕೋಡ್ ಅಳಿಸುವ ಮೊದಲು ಬರೆದುಕೊಳ್ಳಿ.

ಇಕ್ಕಟ್ಟಿನಲ್ಲಿ ಪಾರ್ಕ್ ಮಾಡುವಾಗ ಪದೇಪದೇ ಪೂರ್ತಿ ತಿರುಗಿಸಿ ಹಿಡಿದುಕೊಂಡರೂ ಮೋಟರ್ ಬಿಸಿಯಾಗಿ ಸಹಾಯ ಕಡಿಮೆಯಾಗುತ್ತದೆ, ತಣಿದ ಮೇಲೆ ಸರಿಹೋಗುತ್ತದೆ. ಅದು ಕೆಟ್ಟದ್ದಲ್ಲ, ಮೋಟರನ್ನು ಕಾಪಾಡುವ ಏರ್ಪಾಟು.

ಸ್ಟೀರಿಂಗ್ ಲಾಕ್ ಆಗಿ ಕೀ ತಿರುಗುವುದೇ ಇಲ್ಲ, ಎಂತ ಮಾಡುವುದು?
ಪಡುಬಿದ್ರಿಯ ಓದುಗರು

ಚಕ್ರ ಕಲ್ಲಿಗೋ ಕಟ್ಟೆಗೋ ಒತ್ತಿಕೊಂಡು ಲಾಕ್ ಪಿನ್ ಮೇಲೆ ಒತ್ತಡ ಬಿದ್ದಿದೆ. ಸ್ಟೀರಿಂಗನ್ನು ಎರಡೂ ಬದಿಗೆ ಮೆಲ್ಲಗೆ ಆಡಿಸುತ್ತಾ ಕೀ ತಿರುಗಿಸಿ. ಕೀಗೆ ಬಲ ಹಾಕಬೇಡಿ, ಮುರಿದರೆ ಕೆಲಸ ದೊಡ್ಡದಾಗುತ್ತದೆ.

ಹಳೆಯ ಡೀಸೆಲ್ ಕಾರು, ಹೈಡ್ರಾಲಿಕ್ ಪವರ್ ಸ್ಟೀರಿಂಗ್. ತಿರುಗಿಸುವಾಗ ಗುಂಯ್ ಎನ್ನುತ್ತದೆ. ಆಯಿಲ್ ಕಡಿಮೆಯಾಗಿತ್ತು, ಬ್ರೇಕ್ ಆಯಿಲ್ ಹಾಕಬಹುದಾ?
ಬಂಟ್ವಾಳದ ಓದುಗರು

ಬ್ರೇಕ್ ಆಯಿಲ್ ಒಂದು ಚಮಚವೂ ಬೇಡ. ಪಂಪು ಮತ್ತು ರ‍್ಯಾಕಿನ ಸೀಲುಗಳ ರಬ್ಬರ್ ಅದಕ್ಕೆ ಊದಿಕೊಂಡು ಹಾಳಾಗುತ್ತದೆ. ಸ್ಟೀರಿಂಗ್ ಆಯಿಲ್ ತುಂಬುವ ಡಬ್ಬಿಯ ಮುಚ್ಚಳದ ಮೇಲೆ ಅಥವಾ ಕಾರಿನ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕಿ. ಹೆಚ್ಚಿನವಕ್ಕೆ ಡೆಕ್ಸ್ರಾನ್ ಜಾತಿಯ ಕೆಂಪು ಎಟಿಎಫ್ (ಆಟೊಮ್ಯಾಟಿಕ್ ಟ್ರಾನ್ಸ್‌ಮಿಶನ್ ಫ್ಲೂಯಿಡ್), ಕೆಲವು ಕಂಪೆನಿಗಳ ಕಾರಿಗೆ ಅವರದೇ ಫ್ಲೂಯಿಡ್.

ಗುಂಯ್ ಸದ್ದು ಆಯಿಲಿನೊಳಗೆ ಗಾಳಿ ಸೇರಿದ್ದರ ಗುರುತು. ಇದು ಮುಚ್ಚಿದ ವ್ಯವಸ್ಥೆ, ಕಡಿಮೆಯಾಯಿತು ಎಂದರೆ ಎಲ್ಲೋ ಸೋರಿದೆ. ಹೋಸ್ ಪೈಪಿನ ಕ್ಲಾಂಪ್, ಪಂಪಿನ ಶಾಫ್ಟ್ ಸೀಲ್ ನೋಡಿ. ಆಮೇಲೆ ರ‍್ಯಾಕ್ ಬೂಟುಗಳನ್ನು ಒತ್ತಿ ನೋಡಿ, ಒಳಗೆ ಕುಲುಕುಲು ಎಂದರೆ ರ‍್ಯಾಕ್ ಸೀಲ್ ಸೋರಿ ಬೂಟಿನಲ್ಲಿ ಆಯಿಲ್ ನಿಂತಿದೆ.

ಸೋರಿಕೆ ಸರಿಮಾಡಿದ ಮೇಲೆ ಹಳೆಯ ಆಯಿಲ್ ಕಂದು ಬಣ್ಣಕ್ಕೆ ತಿರುಗಿದ್ದರೆ ಬದಲಿಸಿ. ಸಣ್ಣ ಕಾರಿಗೆ 1 ಲೀಟರ್ ಬೇಕಾದೀತು. ದೊಡ್ಡ ಸಿರಿಂಜಿನಿಂದ ಡಬ್ಬಿಯಲ್ಲಿರುವುದನ್ನು ಹೀರಿ ತೆಗೆದು ಹೊಸದನ್ನು ತುಂಬಿ, ಎಂಜಿನ್ ಚಾಲೂ ಮಾಡಿ ನಾಲ್ಕೈದು ಸಲ ಎರಡೂ ಬದಿಗೆ ತಿರುಗಿಸಿ. ಬಂದ್ ಮಾಡಿ ಮತ್ತೆ ಹೀರಿ, ಮತ್ತೆ ತುಂಬಿ. ಬಣ್ಣ ತಿಳಿ ಕೆಂಪಾಗುವವರೆಗೆ ಇದೇ ಕೆಲಸ. ಗಾಳಿ ಹೊರಹಾಕಲು ಮುಂದಿನ ಚಕ್ರಗಳನ್ನು ಮೇಲೆತ್ತಿ, ಎಂಜಿನ್ ಬಂದ್ ಇಟ್ಟೇ ಹತ್ತಿಪ್ಪತ್ತು ಸಲ ಆ ತುದಿಯಿಂದ ಈ ತುದಿಗೆ ನಿಧಾನವಾಗಿ ತಿರುಗಿಸುತ್ತಾ ಮಟ್ಟ ಕಾಯ್ದುಕೊಳ್ಳಿ. ಗುಳ್ಳೆ ನಿಂತ ಮೇಲೆ ಚಾಲೂ ಮಾಡಿ. ಯಾವತ್ತೂ ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ನಾಲ್ಕೈದು ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪಿನ ಒತ್ತಡ ಅತಿ ಹೆಚ್ಚು ಏರುವುದು ಆಗಲೇ.

ಆಗುಂಬೆ ಘಾಟಿ ಇಳಿಯುವಾಗ ಎಂಜಿನ್ ಬಂದ್ ಮಾಡಿ ನ್ಯೂಟ್ರಲಿನಲ್ಲಿ ಬಂದರೆ ಸ್ಟೀರಿಂಗ್‌ಗೆ ತೊಂದರೆ ಉಂಟಾ? ಡೀಸೆಲ್ ಉಳಿಯುತ್ತದೆ ಅಂತಾರೆ.
ಹೆಬ್ರಿಯ ಓದುಗರು

ದಯವಿಟ್ಟು ಮಾಡಬೇಡಿ. ಎಂಜಿನ್ ನಿಂತರೆ ಪವರ್ ಸ್ಟೀರಿಂಗ್ ನಿಲ್ಲುತ್ತದೆ. ಶಾಫ್ಟ್ ಸಂಪರ್ಕ ಉಳಿಯುವುದರಿಂದ ತಿರುಗುವುದು ತಿರುಗುತ್ತದೆ, ಆದರೆ ಹೇರ್‌ಪಿನ್ ತಿರುವಿನಲ್ಲಿ ನಿಧಾನವಾದಾಗಲೇ ಸ್ಟೀರಿಂಗ್ ಅತಿ ಭಾರ. ಆಗುಂಬೆಯಲ್ಲಿ ಅಂಥ 14 ತಿರುವುಗಳಿವೆ. ಬ್ರೇಕಿನ ವ್ಯಾಕ್ಯೂಮ್ ಸಹಾಯ ಎರಡು ಮೂರು ಸಲ ಒತ್ತುವುದರಲ್ಲಿ ಮುಗಿಯುತ್ತದೆ. ಕೀ ಹೊರಗೆ ಬಂದರೆ ಸ್ಟೀರಿಂಗ್ ಲಾಕ್ ಬಿದ್ದೀತು. ಇನ್ನು ಡೀಸೆಲ್ ಲೆಕ್ಕ: ಈಗಿನ ಎಂಜಿನುಗಳಲ್ಲಿ ಗೇರಿನಲ್ಲಿಟ್ಟು ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಇಂಜೆಕ್ಟರುಗಳು ಇಂಧನವನ್ನೇ ನಿಲ್ಲಿಸುತ್ತವೆ. ಎರಡನೇ ಗೇರಿನಲ್ಲಿ ಇಳಿದರೆ ಉಳಿತಾಯವೂ ಆಯಿತು, ಎಂಜಿನ್ನಿನ ಬ್ರೇಕೂ ಸಿಕ್ಕಿತು.

80 ದಾಟಿದರೆ ಸ್ಟೀರಿಂಗ್ ನಡುಗುತ್ತದೆ. ಬ್ಯಾಲೆನ್ಸಿಂಗ್ ಮಾಡಿಸಿದ ವಾರಕ್ಕೇ ಮತ್ತೆ ಶುರು.
ಕುಂದಾಪುರದ ಓದುಗರು

ರಿಮ್ಮಿನ ಒಳಬದಿ ನೋಡಿ. ಕೆಂಪು ಮಣ್ಣಿನ ಕೆಸರು ಅಲ್ಲಿ ಅಂಟಿ ಒಣಗಿದರೆ ಬ್ಯಾಲೆನ್ಸ್ ತಪ್ಪಲು ಹತ್ತಿಪ್ಪತ್ತು ಗ್ರಾಂ ಸಾಕು. ಕೆಸರಿನ ಮೇಲೆಯೇ ಬ್ಯಾಲೆನ್ಸ್ ಮಾಡಿ ತೂಕ ಅಂಟಿಸಿದರೆ, ಮುಂದಿನ ಮಳೆಗೆ ಕೆಸರು ಉದುರಿ ಮತ್ತೆ ನಡುಕ. ಚಕ್ರ ಕಳಚಿ, ಒಳಗೆ ತೊಳೆದು, ಆಮೇಲೆ ಬ್ಯಾಲೆನ್ಸ್ ಮಾಡಿಸಿ. ಯಂತ್ರದಲ್ಲಿ ಸುತ್ತುವಾಗಲೇ ರಿಮ್ ಓಲಾಡುತ್ತದೆಯೇ ಎಂದೂ ನೋಡಿ. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಅದು ಡಿಸ್ಕಿನ ದೋಷ.

ಕಾರಿಗೆ 15 ವರ್ಷ ತುಂಬುತ್ತದೆ. ರಿಜಿಸ್ಟ್ರೇಶನ್ ನವೀಕರಣಕ್ಕೆ ಸ್ಟೀರಿಂಗ್‌ನಲ್ಲಿ ಎಂತ ನೋಡುತ್ತಾರೆ?
ಉಡುಪಿಯ ಓದುಗರು

1989ರ ಕೇಂದ್ರ ಮೋಟಾರು ವಾಹನ ನಿಯಮಗಳ 98ನೇ ನಿಯಮದ ಪ್ರಕಾರ ಸ್ಟೀರಿಂಗ್‌ನ ಆಟ 30 ಡಿಗ್ರಿ ಮೀರಬಾರದು, ಬಾಲ್ ಜಾಯಿಂಟುಗಳಿಗೆ ರಬ್ಬರ್ ಕವಚ ಇರಬೇಕು. ಆದರೆ 37 ಸೆಂ.ಮೀ. ಅಗಲದ ಸ್ಟೀರಿಂಗ್‌ನ ಅಂಚಿನಲ್ಲಿ 30 ಡಿಗ್ರಿ ಎಂದರೆ ಹತ್ತಿರ ಹತ್ತಿರ 10 ಸೆಂ.ಮೀ. ಈಗಿನ ರ‍್ಯಾಕ್ ಸ್ಟೀರಿಂಗ್‌ಗೆ ಅದು ತೀರಾ ಹೆಚ್ಚು. ಹಲವು ಸಣ್ಣ ಕಾರುಗಳ ಮ್ಯಾನುಯಲ್ 3 ಸೆಂ.ಮೀ.ಯೊಳಗೆ ಇರಲಿ ಎನ್ನುತ್ತದೆ. ಎಂಜಿನ್ ಚಾಲೂ ಇಟ್ಟು, ಚಕ್ರ ನೇರ ನಿಲ್ಲಿಸಿ, ಸ್ಟೀರಿಂಗ್ ಅಂಚಿಗೆ ಸ್ಕೇಲ್ ಹಿಡಿದು, ಟಯರ್ ಅಲುಗುವ ತನಕ ಅತ್ತಿತ್ತ ಎಷ್ಟು ಸರಿಯುತ್ತದೆ ಅಳೆಯಿರಿ. 3 ಸೆಂ.ಮೀ. ದಾಟಿದರೆ ನಿಯಮದ ಪ್ರಕಾರ ಪಾಸಾದರೂ ಜಾಯಿಂಟುಗಳನ್ನು ನೋಡಿಸಿ.

ಹಳೆಯ ಜೀಪು, ಸ್ಟೀರಿಂಗ್ ಬಾಕ್ಸ್ ಇರುವಂಥದ್ದು. ಆಟ ಜಾಸ್ತಿ ಉಂಟು. ಬಾಕ್ಸ್ ಮೇಲಿನ ಸ್ಕ್ರೂ ಬಿಗಿದರೆ ಸಾಕಾ?
ಬೆಳ್ತಂಗಡಿಯ ಓದುಗರು

ಸ್ಕ್ರೂ ಮುಟ್ಟುವುದು ಕೊನೆಗೆ. ಮೊದಲು ಡ್ರಾಗ್ ಲಿಂಕ್ (ಬಾಕ್ಸಿನಿಂದ ಚಕ್ರದ ಕಡೆಗೆ ಹೋಗುವ ರಾಡ್) ಮತ್ತು ಟೈ ರಾಡಿನ ಎಲ್ಲ ಬಾಲ್ ಜಾಯಿಂಟುಗಳನ್ನು ಬೆರಳಿಟ್ಟು ನೋಡಿ, ಆಮೇಲೆ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಕಿಂಗ್ ಪಿನ್ (ಚಕ್ರ ಎಡ ಬಲಕ್ಕೆ ತಿರುಗುವ ಕೀಲು) ನೋಡಿ, ಬಾಕ್ಸ್ ಚಾಸಿಗೆ ಕೂತ ಬೋಲ್ಟುಗಳು ಸಡಿಲವೇ ನೋಡಿ. ಇವು ಸರಿಯಿದ್ದೂ ಆಟ ಉಳಿದರೆ ಮಾತ್ರ ಬಾಕ್ಸ್. ಚಕ್ರ ನೇರ ಇರುವಾಗಲೇ ಅಡ್ಜಸ್ಟ್ ಮಾಡಬೇಕು, ಏಕೆಂದರೆ ಬಾಕ್ಸಿನ ಗೇರುಗಳು ಅತ್ಯಂತ ಬಿಗಿಯಾಗಿ ಕೂರುವುದು ಆ ಮಧ್ಯದಲ್ಲಿ. ತಿರುಗಿಸಿಟ್ಟು ಬಿಗಿದರೆ ಮಧ್ಯಕ್ಕೆ ಬಂದಾಗ ಕಚ್ಚಿಕೊಳ್ಳುತ್ತದೆ. ಲಾಕ್ ನಟ್ ಸಡಿಲಿಸಿ, ಸ್ಕ್ರೂವನ್ನು ಎಂಟನೇ ಒಂದು ಸುತ್ತು ಒಳಗೆ ತಿರುಗಿಸಿ, ಸ್ಕ್ರೂ ಅಲುಗದಂತೆ ಹಿಡಿದು ಲಾಕ್ ನಟ್ ಬಿಗಿದು, ಈ ತುದಿಯಿಂದ ಆ ತುದಿಗೆ ತಿರುಗಿಸಿ ನೋಡಿ.

ಬಾಕ್ಸಿನ ಆಯಿಲ್ ಮಟ್ಟ ನೋಡುವುದನ್ನು ಮರೆಯುವವರೇ ಹೆಚ್ಚು, ಸಾಮಾನ್ಯವಾಗಿ 90 ನಂಬರಿನ ಗೇರ್ ಆಯಿಲ್. ಗ್ರೀಸ್ ನಿಪ್ಪಲ್ ಇರುವ ಜಾಯಿಂಟುಗಳಿಗೆ ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಗ್ರೀಸ್ ಹೊಡೆಯಿರಿ. ಗನ್ ಹಿಡಿಯುವ ಮೊದಲು ನಿಪ್ಪಲಿನ ಮೇಲಿನ ಮಣ್ಣು ಒರೆಸಿ, ಹಳೆಯ ಕಪ್ಪು ಗ್ರೀಸ್ ಹೊರಗೆ ಬಂದು ಹೊಸದು ಕಾಣುವ ತನಕ ಹೊಡೆಯಿರಿ. ನಿಪ್ಪಲ್ ಕಟ್ಟಿಕೊಂಡು ಗ್ರೀಸ್ ಒಳಗೆ ಹೋಗದಿದ್ದರೆ ಅದನ್ನು ಬಿಚ್ಚಿ ಸೀಮೆಎಣ್ಣೆಯಲ್ಲೋ ಡೀಸೆಲಿನಲ್ಲೋ ತೊಳೆಯಿರಿ, ಅದರೊಳಗಿನ ಗುಂಡು ಒತ್ತಿದಾಗ ಕೆಳಗಿಳಿದು ತಾನಾಗಿ ಮೇಲೆ ಬರದಿದ್ದರೆ ಹೊಸದು ಹಾಕಿ.